ಗರ್ಭಿಣಿಯ ಕಾಯಿಲೆ ರಜೆ: ಕಾನೂನು ನೀಡಿರುವ ಆಶ್ರಯ



ಕಲಬುರಗಿ ಜಿಲ್ಲೆಯಿಂದ ಪುಣೆಗೆ ಬಂದು ನೆಲೆಸಿದ ಒಬ್ಬ ಹೆಣ್ಣುಮಗಳನ್ನು ನಿದರ್ಶನಕ್ಕಾಗಿ ಕಲ್ಪಿಸಿಕೊಳ್ಳಬಹುದು. ನಲವತ್ತು ಜನ ಕೆಲಸ ಮಾಡುವ ಒಂದು ಖಾಸಗಿ ಸಂಸ್ಥೆಯಲ್ಲಿ ಆಕೆ ಲೆಕ್ಕಪತ್ರ ಗುಮಾಸ್ತೆ. ಸೇವೆಗೆ ಸೇರಿ ಮೂರು ವರ್ಷಗಳಾಗಿವೆ. ತಿಂಗಳ ವೇತನ 26,000 ರೂಪಾಯಿ. ಗರ್ಭಿಣಿಯಾಗಿ ಆರನೆಯ ತಿಂಗಳು ನಡೆಯುತ್ತಿರುವಾಗ ಆಕೆಯ ರಕ್ತದೊತ್ತಡ ಏರಿತು, ಕಾಲುಗಳು ಊದಿಕೊಂಡವು. ಮೂರು ವಾರ ಪೂರ್ಣ ವಿಶ್ರಾಂತಿ ಪಡೆಯಬೇಕೆಂದು ವೈದ್ಯರು ಸೂಚಿಸಿದರು. ಪತಿ ಕಚೇರಿಗೆ ದೂರವಾಣಿ ಮಾಡಿ ವಿಷಯ ತಿಳಿಸಿದಾಗ ವ್ಯವಸ್ಥಾಪಕರು ‘ಆಗಲಿ’ ಎಂದರು. ಮೂರು ವಾರಗಳ ನಂತರ ಆಕೆ ಮರಳಿದಾಗ ಆಕೆಯ ಮೇಜಿನ ಮುಂದೆ ಬೇರೊಬ್ಬರು ಕುಳಿತಿದ್ದರು. ಅನುಮತಿಯಿಲ್ಲದೆ ಗೈರುಹಾಜರಾದುದರಿಂದ ಆ ದಿನಗಳಿಗೆ ವೇತನವಿಲ್ಲವೆಂದೂ, ಹೆರಿಗೆ ಹೇಗೂ ಸಮೀಪಿಸುತ್ತಿರುವುದರಿಂದ ರಾಜೀನಾಮೆ ಬರೆದುಕೊಟ್ಟು ಹೋಗುವುದೇ ಒಳ್ಳೆಯದೆಂದೂ ಆಕೆಗೆ ತಿಳಿಸಲಾಯಿತು. ಬೆರಳಚ್ಚು ಮಾಡಿದ ಹಾಳೆಯೊಂದನ್ನು ಮುಂದಿಟ್ಟು ಸಹಿ ಕೇಳಲಾಯಿತು.

ಆ ಗಳಿಗೆಯಲ್ಲಿ ಆಕೆ ಏನು ಮಾಡಬೇಕು? ಸಹಿ ಹಾಕಿದರೆ ಕೆಲಸ ಹೋಗುತ್ತದೆ. ಮುಂದೆ ದೊರೆಯಬೇಕಾದ ಹೆರಿಗೆ ರಜೆಯ ವೇತನವೂ ಕೈತಪ್ಪುವ ಅಪಾಯವಿದೆ. ಸಹಿ ಹಾಕದಿದ್ದರೆ ತನಗೆ ಯಾವ ಆಸರೆ ಇದೆಯೆಂಬುದು ಆಕೆಗೆ ತಿಳಿಯದು. ಇಂತಹ ಸಂದರ್ಭದಲ್ಲಿ ಕಾನೂನು ಏನು ಹೇಳುತ್ತದೆ, ಆ ಕಾನೂನಿನ ಆಶ್ರಯ ಪಡೆಯಲು ಏನನ್ನು ಮಾಡಿರಬೇಕು ಎಂಬ ಎರಡು ಸಂಗತಿಗಳೇ ಈ ಭಾಷಣದ ವಿಷಯ.

ಹೆರಿಗೆ ರಜೆಯ ವಿಚಾರ ಇಂದು ಬಹುಮಂದಿಗೆ ತಿಳಿದಿದೆ. ಆದರೆ ಗರ್ಭಧಾರಣೆಯಿಂದ ಉಂಟಾಗುವ ಕಾಯಿಲೆಗೆ ಪ್ರತ್ಯೇಕವಾದ ರಜೆ ಇದೆಯೆಂಬುದನ್ನು ಬಲ್ಲವರು ವಿರಳ. ಹೆರಿಗೆ ರಜೆಯನ್ನು ನಿರೀಕ್ಷಿತ ಹೆರಿಗೆಯ ದಿನಕ್ಕಿಂತ ಎಂಟು ವಾರಗಳಿಗೂ ಮೊದಲು ಆರಂಭಿಸಲು ಅವಕಾಶವಿಲ್ಲ. ಕಾಯಿಲೆಯಾದರೋ ಈ ಲೆಕ್ಕಾಚಾರವನ್ನು ನೋಡಿಕೊಂಡು ಬರುವುದಿಲ್ಲ. ಮೊದಲ ತಿಂಗಳುಗಳಲ್ಲಿ ನಿಲ್ಲದ ವಾಂತಿ, ನಡುವಿನ ತಿಂಗಳುಗಳಲ್ಲಿ ರಕ್ತಸ್ರಾವ, ಅನಂತರ ಏರುವ ರಕ್ತದೊತ್ತಡ, ಗರ್ಭಕಾಲದ ಸಕ್ಕರೆ ಕಾಯಿಲೆ, ತೀವ್ರ ರಕ್ತಹೀನತೆ, ಇವುಗಳಲ್ಲಿ ಯಾವುದಾದರೊಂದು ಗರ್ಭಿಣಿಯನ್ನು ಹಾಸಿಗೆ ಹಿಡಿಸಬಹುದು. 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದ ಗರ್ಭಿಣಿಯರಲ್ಲಿ ಶೇಕಡಾ 52.2ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಅವರೆಲ್ಲರೂ ರಜೆ ಪಡೆಯಬೇಕಾದಷ್ಟು ಅಸ್ವಸ್ಥರೆಂದು ಇದರ ಅರ್ಥವಲ್ಲ. ಆದರೆ ಗರ್ಭಿಣಿಯ ಅಸ್ವಾಸ್ಥ್ಯವು ಅಪರೂಪದ ಸಂಗತಿಯಲ್ಲವೆಂಬುದು ಈ ಅಂಕಿಯಿಂದ ಸ್ಪಷ್ಟವಾಗುತ್ತದೆ.

ದುಡಿಯುವ ತಾಯಂದಿರ ರಕ್ಷಣೆಗಾಗಿ ಭಾರತದಲ್ಲಿ ನಡೆದ ಪ್ರಯತ್ನಕ್ಕೆ ದೀರ್ಘ ಇತಿಹಾಸವಿದೆ. 1928ರಲ್ಲಿ ಮುಂಬಯಿ ಶಾಸನ ಪರಿಷತ್ತಿನಲ್ಲಿ ಹೆರಿಗೆ ಸೌಲಭ್ಯದ ಮಸೂದೆ ಚರ್ಚೆಗೆ ಬಂದಾಗ ಡಾ. ಬಿ. ಆರ್. ಅಂಬೇಡ್ಕರ್ ಅವರು ಅದನ್ನು ಬೆಂಬಲಿಸಿ ಮಾತನಾಡಿದರು. ಮರುವರ್ಷ, ಅಂದರೆ 1929ರಲ್ಲಿ, ಆ ಪ್ರಾಂತದಲ್ಲಿ ಕಾಯಿದೆ ಅಂಗೀಕಾರವಾಯಿತು. ಸ್ವಾತಂತ್ರ್ಯಾನಂತರ ಭಾರತ ಸಂವಿಧಾನದ 42ನೆಯ ಅನುಚ್ಛೇದವು, ನ್ಯಾಯಸಮ್ಮತವೂ ಮಾನವೀಯವೂ ಆದ ಕೆಲಸದ ಪರಿಸ್ಥಿತಿಗಳನ್ನೂ ಹೆರಿಗೆ ಕಾಲದ ನೆರವನ್ನೂ ರಾಜ್ಯವು ಒದಗಿಸಬೇಕೆಂದು ನಿರ್ದೇಶಿಸಿತು. ಈ ಆಶಯವನ್ನು ಇಡೀ ದೇಶಕ್ಕೆ ಅನ್ವಯಿಸುವ ಶಾಸನವಾಗಿ ರೂಪಿಸಿದುದು 1961ರ ಹೆರಿಗೆ ಸೌಲಭ್ಯ ಕಾಯಿದೆ. 2017ರ ತಿದ್ದುಪಡಿಯು ಹೆರಿಗೆ ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಿತು. 2025ರ ನವೆಂಬರ್ 21ರಂದು 2020ರ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದುದರಿಂದ, 1961ರ ಕಾಯಿದೆಯ ವಿಧಿಗಳು ಈಗ ಆ ಸಂಹಿತೆಯ ಆರನೆಯ ಅಧ್ಯಾಯದಲ್ಲಿ ಸೇರಿವೆ. ಕಲಮುಗಳ ಸಂಖ್ಯೆ ಬದಲಾಗಿದ್ದರೂ ಗರ್ಭಿಣಿಯ ಕಾಯಿಲೆಗೆ ಸಂಬಂಧಿಸಿದ ಹಕ್ಕು ಹಾಗೆಯೇ ಮುಂದುವರಿದಿದೆ.

ಆ ಹಕ್ಕು ಯಾವುದು? ಹಿಂದೆ 1961ರ ಕಾಯಿದೆಯ 10ನೆಯ ಕಲಮಿನಲ್ಲಿದ್ದು ಈಗ ಸಂಹಿತೆಯ 65ನೆಯ ಕಲಮಿನಲ್ಲಿರುವ ವಿಧಿಯ ಸಾರಾಂಶ ಹೀಗಿದೆ: ಗರ್ಭಧಾರಣೆ, ಹೆರಿಗೆ, ಅಕಾಲ ಪ್ರಸವ, ಗರ್ಭಪಾತ, ವೈದ್ಯಕೀಯ ಗರ್ಭಸಮಾಪನ ಅಥವಾ ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆಯಿಂದ ಉಂಟಾದ ಕಾಯಿಲೆಯಿಂದ ಬಳಲುವ ಮಹಿಳೆಯು, ಅದಕ್ಕೆ ನಿಗದಿತ ರುಜುವಾತನ್ನು ಹಾಜರುಪಡಿಸಿದಲ್ಲಿ, ತನಗೆ ಸಲ್ಲುವ ಇತರ ರಜೆಯ ಜೊತೆಗೆ, ಗರಿಷ್ಠ ಒಂದು ತಿಂಗಳ ಅವಧಿಯ ವೇತನಸಹಿತ ರಜೆಗೆ ಅರ್ಹಳು. ಈ ರಜೆಯ ವೇತನ ಹೆರಿಗೆ ಸೌಲಭ್ಯದ ದರದಲ್ಲಿಯೇ ಇರುತ್ತದೆ.

ಈ ವಿಧಿಯಲ್ಲಿ ಮೂರು ಅಂಶಗಳನ್ನು ಮನಗಾಣಬೇಕು. ಮೊದಲನೆಯದಾಗಿ, ಇದು 26 ವಾರಗಳ ಒಳಗಿನಿಂದ ಕಳೆಯುವ ರಜೆಯಲ್ಲ. ಅದರ ಮೇಲೆ ಸೇರುವ ರಜೆ. ಆರನೆಯ ತಿಂಗಳಲ್ಲಿ ಮೂರು ವಾರ ಹಾಸಿಗೆ ಹಿಡಿದವಳಿಗೆ ಹೆರಿಗೆಯ ಸಮಯದಲ್ಲಿ ಮೂರು ವಾರ ಕಡಿತ ಮಾಡಲು ಅವಕಾಶವಿಲ್ಲ. ಎರಡನೆಯದಾಗಿ, ಕಾಯಿಲೆಯು ಹೆರಿಗೆಯ ಅನಂತರವೇ ಬಂದಿರಬೇಕೆಂಬ ನಿರ್ಬಂಧ ವಿಧಿಯ ಮಾತುಗಳಲ್ಲಿ ಇಲ್ಲ. ಗರ್ಭಧಾರಣೆಯಿಂದ ಉಂಟಾದ ಕಾಯಿಲೆಯನ್ನೇ ಅದು ಮೊದಲು ಹೆಸರಿಸುತ್ತದೆ. ಮೂರನೆಯದಾಗಿ, ರಜೆ ದೊರೆಯುವುದು ರುಜುವಾತಿನ ಮೇಲೆ. ಬಾಯಿಮಾತು ರುಜುವಾತಾಗುವುದಿಲ್ಲ. ಪುಣೆಯ ನಿದರ್ಶನದಲ್ಲಿ ಆ ಹೆಣ್ಣುಮಗಳ ಪಕ್ಷ ದುರ್ಬಲವಾದುದು ಇಲ್ಲಿಯೇ.

ಈ ರಜೆಯ ಜೊತೆಗೆ ಇರುವ ಇತರ ಸೌಲಭ್ಯಗಳನ್ನೂ ತಿಳಿದಿರುವುದು ಅಗತ್ಯ. ನಿರೀಕ್ಷಿತ ಹೆರಿಗೆಗೆ ಹಿಂದಿನ 12 ತಿಂಗಳುಗಳಲ್ಲಿ ಕನಿಷ್ಠ 80 ದಿನ ಕೆಲಸ ಮಾಡಿದ ಮಹಿಳೆಗೆ 26 ವಾರಗಳ ಹೆರಿಗೆ ಸೌಲಭ್ಯ ಸಲ್ಲುತ್ತದೆ. ಈಗಾಗಲೇ ಇಬ್ಬರು ಅಥವಾ ಹೆಚ್ಚು ಮಕ್ಕಳು ಬದುಕಿದ್ದರೆ 12 ವಾರ. ಗರ್ಭಪಾತವಾದರೆ ಅಥವಾ ವೈದ್ಯಕೀಯ ಗರ್ಭಸಮಾಪನವಾದರೆ ಅದರ ಮರುದಿನದಿಂದ ಆರು ವಾರಗಳ ವೇತನಸಹಿತ ರಜೆಯುಂಟು. ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆಗೆ ಎರಡು ವಾರ. ಗರ್ಭಪಾತದ ಅನಂತರವೂ ಕಾಯಿಲೆ ಮುಂದುವರಿದಲ್ಲಿ ಆರು ವಾರಗಳ ಮೇಲೆ ಒಂದು ತಿಂಗಳ ರಜೆ ಸೇರುತ್ತದೆ. ಹೆರಿಗೆಗೆ ಮುಂಚಿನ ಮತ್ತು ಅನಂತರದ ಆರೈಕೆಯನ್ನು ಮಾಲೀಕರು ಉಚಿತವಾಗಿ ಒದಗಿಸದಿದ್ದರೆ 3,500 ರೂಪಾಯಿ ವೈದ್ಯಕೀಯ ಬೋನಸ್ ಕೊಡಬೇಕು. ಹೆರಿಗೆ ಸಮೀಪಿಸಿದಾಗ, ಅಂದರೆ ನಿರೀಕ್ಷಿತ ದಿನಕ್ಕೆ ಆರು ವಾರಗಳ ಹಿಂದಿನ ಒಂದು ತಿಂಗಳಲ್ಲಿಯೂ, ಆ ಆರು ವಾರಗಳಲ್ಲಿ ರಜೆ ಪಡೆಯದೆ ದುಡಿಯುವ ದಿನಗಳಲ್ಲಿಯೂ, ಬಹಳ ಹೊತ್ತು ನಿಂತು ಮಾಡುವ ಅಥವಾ ಶ್ರಮದಾಯಕವಾದ ಕೆಲಸ ಬೇಡವೆಂದು ಕೋರುವ ಹಕ್ಕು ಆಕೆಗಿದೆ. ಹಗುರವಾದ ಕೆಲಸ ಕೊಟ್ಟೆವೆಂಬ ಕಾರಣಕ್ಕೆ ವೇತನ ಕಡಿತ ಮಾಡುವಂತಿಲ್ಲ.

ವೇತನದ ದರವನ್ನು ಗೊತ್ತುಪಡಿಸುವುದು ಹೇಗೆ? ರಜೆ ಆರಂಭವಾಗುವುದಕ್ಕೆ ಹಿಂದಿನ ಮೂರು ತಿಂಗಳುಗಳಲ್ಲಿ ದುಡಿದ ದಿನಗಳ ಸರಾಸರಿ ದಿನಗೂಲಿಯೇ ಆಧಾರ. ರಜೆಯ ಅವಧಿಯಲ್ಲಿ ಬರುವ ಭಾನುವಾರಗಳನ್ನು ಬಿಟ್ಟು ಲೆಕ್ಕ ಮಾಡಬೇಕೇ ಎಂಬ ಪ್ರಶ್ನೆ ತಮಿಳುನಾಡಿನ ತೋಟದ ಕಾರ್ಮಿಕ ಮಹಿಳೆಯೊಬ್ಬರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತ್ತು. ವಾರವೆಂದರೆ ಏಳು ದಿನ, ಭಾನುವಾರವೂ ಅದರಲ್ಲಿ ಸೇರುತ್ತದೆ ಎಂದು 1977ರಲ್ಲಿ ತೀರ್ಪಾಯಿತು. ತಾಯಿಗೆ ಏಳೂ ದಿನ ಊಟ ಬೇಕು. ಈ ತೀರ್ಪು ಅದನ್ನು ಮಾನ್ಯ ಮಾಡಿತು.

ಈಗ ಕೆಲಸ ಹೋಗುವ ಭಯದ ವಿಚಾರ. ಕಾನೂನಿನಂತೆ ಗೈರುಹಾಜರಾಗಿರುವ ಮಹಿಳೆಯನ್ನು ಆ ಅವಧಿಯಲ್ಲಿ ಅಥವಾ ಆ ಗೈರುಹಾಜರಿಯ ಕಾರಣದಿಂದ ಕೆಲಸದಿಂದ ತೆಗೆಯುವುದು ನ್ಯಾಯಬಾಹಿರ. ಆಕೆ ರಜೆಯಲ್ಲಿರುವಾಗಲೇ ಅವಧಿ ಮುಗಿಯುವಂತೆ ವಜಾ ನೋಟೀಸು ಕೊಡುವುದೂ, ಸೇವಾ ಷರತ್ತುಗಳನ್ನು ಆಕೆಗೆ ಹಾನಿಯಾಗುವಂತೆ ಬದಲಾಯಿಸುವುದೂ ಸಲ್ಲದು. 1961ರ ಕಾಯಿದೆಯ 12ನೆಯ ಕಲಮಿನಲ್ಲಿದ್ದ ಈ ರಕ್ಷಣೆ ಸಂಹಿತೆಯ 68ನೆಯ ಕಲಮಿನಲ್ಲಿ ಮುಂದುವರಿದಿದೆ. ಗರ್ಭಿಣಿಯಾಗಿರುವಾಗ ಕೆಲಸದಿಂದ ತೆಗೆದರೂ, ಹಾಗೆ ತೆಗೆಯದಿದ್ದರೆ ಆಕೆಗೆ ಸಲ್ಲುತ್ತಿದ್ದ ಹೆರಿಗೆ ಸೌಲಭ್ಯ ಮತ್ತು ವೈದ್ಯಕೀಯ ಬೋನಸನ್ನು ಅದರಿಂದ ತಪ್ಪಿಸಲಾಗದು. ನಿಯಮಗಳಲ್ಲಿ ಹೇಳಿರುವ ಘೋರ ದುರ್ವರ್ತನೆಗಾಗಿ ವಜಾ ಮಾಡಿ, ಲಿಖಿತ ಆದೇಶ ನೀಡಿದ ಸಂದರ್ಭ ಮಾತ್ರ ಇದಕ್ಕೆ ಹೊರತು. ಅಂತಹ ಆದೇಶದ ವಿರುದ್ಧವೂ 60 ದಿನಗಳೊಳಗೆ ಸಕ್ಷಮ ಪ್ರಾಧಿಕಾರಕ್ಕೆ ಮೇಲ್ಮನವಿ ಸಲ್ಲಿಸಬಹುದು. ಹೆರಿಗೆ ಸೌಲಭ್ಯವನ್ನು ನಿರಾಕರಿಸುವುದು ಶಿಕ್ಷಾರ್ಹ ಅಪರಾಧ.

ಇಷ್ಟು ರಕ್ಷಣೆ ಇರುವಾಗ ಮಾಲೀಕರು ಸಾಮಾನ್ಯವಾಗಿ ಹಿಡಿಯುವ ದಾರಿ ವಜಾ ಅಲ್ಲ, ರಾಜೀನಾಮೆ. ಸ್ವಇಚ್ಛೆಯಿಂದ ಕೊಟ್ಟದ್ದೆಂದು ಕಾಣುವ ರಾಜೀನಾಮೆಯ ಮುಂದೆ ಕಾನೂನಿನ ಕೈ ಕಟ್ಟಿದಂತಾಗುತ್ತದೆ. ಬಲವಂತದಿಂದ ಬರೆಸಿಕೊಂಡರೆಂದು ಆಮೇಲೆ ಸಾಧಿಸುವುದು ಕಷ್ಟ. ಆದುದರಿಂದ ಪುಣೆಯ ಆ ಹೆಣ್ಣುಮಗಳು ಮೊದಲು ಮಾಡಬೇಕಾದುದು ಒಂದೇ: ಸಹಿ ಹಾಕದಿರುವುದು. ‘ಮನೆಯಲ್ಲಿ ವಿಚಾರಿಸಿ ಹೇಳುತ್ತೇನೆ’ ಎಂದು ಹೊರಬರುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ಯಾರಿಗೆ ಈ ವಿಧಿಗಳು ಅನ್ವಯಿಸುತ್ತವೆ ಎಂಬುದನ್ನೂ ಸ್ಪಷ್ಟಪಡಿಸಬೇಕು. ಕಾರ್ಖಾನೆ, ಗಣಿ ಮತ್ತು ತೋಟಗಳಿಗೂ, ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಅಂಗಡಿ ಹಾಗೂ ಸಂಸ್ಥೆಗಳಿಗೂ ಇವು ಅನ್ವಯಿಸುತ್ತವೆ. ಕಾಯಂ ನೌಕರರಿಗೆ ಮಾತ್ರ ಎಂಬ ಭಾವನೆ ತಪ್ಪು. ದೆಹಲಿ ಮಹಾನಗರ ಪಾಲಿಕೆಯಲ್ಲಿ ಹಾಜರಿಪಟ್ಟಿಯ ಮೇಲೆ ದಿನಗೂಲಿಗೆ ದುಡಿಯುತ್ತಿದ್ದ ಮಹಿಳೆಯರಿಗೂ ಹೆರಿಗೆ ಸೌಲಭ್ಯ ಸಲ್ಲಬೇಕೆಂದು ಸರ್ವೋಚ್ಚ ನ್ಯಾಯಾಲಯವು 2000ದ ಮಾರ್ಚ್ 8ರಂದು ತೀರ್ಪಿತ್ತಿತು. ಗುತ್ತಿಗೆಯ ಅವಧಿ ನಡುವೆ ಮುಗಿದರೂ ಹೆರಿಗೆ ಸೌಲಭ್ಯ ಪೂರ್ಣವಾಗಿ ದೊರೆಯಬೇಕೆಂದು 2023ರಲ್ಲಿ ಅದೇ ನ್ಯಾಯಾಲಯ ಹೇಳಿತು. ಊರು ಬಿಟ್ಟು ಬಂದು ಗುತ್ತಿಗೆ ಅಥವಾ ದಿನಗೂಲಿಯ ಮೇಲೆ ದುಡಿಯುವ ಕನ್ನಡ ಮಹಿಳೆಯರಿಗೆ ಈ ಎರಡು ತೀರ್ಪುಗಳು ಬಹು ಮುಖ್ಯವಾದವು.

ಇ.ಎಸ್.ಐ. ಯೋಜನೆಗೆ ಒಳಪಟ್ಟವರಿಗೆ ಹಣ ಬರುವ ಮಾರ್ಗ ಬೇರೆ. ಅವರಿಗೆ ಹೆರಿಗೆ ಸೌಲಭ್ಯವನ್ನು ಮಾಲೀಕರ ಬದಲು ಇ.ಎಸ್.ಐ. ನಿಗಮವೇ ನೀಡುತ್ತದೆ. ಈ ಯೋಜನೆಗೆ 2017ರ ಜನವರಿಯಲ್ಲಿ ಗೊತ್ತುಮಾಡಿದ ವೇತನ ಮಿತಿ ತಿಂಗಳಿಗೆ 21,000 ರೂಪಾಯಿ. ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ 70 ದಿನಗಳ ವಂತಿಗೆ ಸಂದಿದ್ದರೆ, 26 ವಾರಗಳ ಹೆರಿಗೆ ಸೌಲಭ್ಯ ಸರಾಸರಿ ದಿನಗೂಲಿಯ ಪೂರ್ಣ ದರದಲ್ಲಿ ದೊರೆಯುತ್ತದೆ. ಗರ್ಭಧಾರಣೆ ಅಥವಾ ಹೆರಿಗೆಯಿಂದ ಉಂಟಾದ ಕಾಯಿಲೆಗೆ ಇನ್ನೊಂದು ತಿಂಗಳವರೆಗೆ ಅದು ವಿಸ್ತರಿಸುತ್ತದೆ. ಕಾಯಿಲೆ ಅದಕ್ಕೂ ಮೀರಿದರೆ, ವರ್ಷದಲ್ಲಿ 91 ದಿನಗಳವರೆಗೆ ಶೇಕಡಾ 70ರ ದರದಲ್ಲಿ ಸಿಗುವ ಸಾಮಾನ್ಯ ಕಾಯಿಲೆ ಸೌಲಭ್ಯಕ್ಕೆ ಅರ್ಜಿ ಹಾಕಬಹುದು. ಆದರೆ ಇ.ಎಸ್.ಐ. ಚಿಕಿತ್ಸಾಲಯದ ಪ್ರಮಾಣಪತ್ರ ಇಲ್ಲಿ ಮುಖ್ಯ. ಚಿಕಿತ್ಸೆಯ ಆರಂಭದಿಂದಲೇ ಅಲ್ಲಿಗೆ ಹೋಗಿ ದಾಖಲೆ ಮಾಡಿಸುವುದು ಕ್ಷೇಮ.

ಕೇಂದ್ರ ಸರ್ಕಾರದ ಮಹಿಳಾ ನೌಕರರಿಗೆ 1972ರ ಕೇಂದ್ರ ನಾಗರಿಕ ಸೇವಾ ರಜೆ ನಿಯಮಗಳು ಅನ್ವಯಿಸುತ್ತವೆ. ಬದುಕಿರುವ ಮಕ್ಕಳು ಇಬ್ಬರಿಗಿಂತ ಕಡಿಮೆ ಇದ್ದಲ್ಲಿ 180 ದಿನಗಳ ಹೆರಿಗೆ ರಜೆಯುಂಟು. ಗರ್ಭಪಾತಕ್ಕಾಗಿ ಇಡೀ ಸೇವಾವಧಿಯಲ್ಲಿ 45 ದಿನಗಳ ರಜೆ ವೈದ್ಯಕೀಯ ಪ್ರಮಾಣಪತ್ರದ ಮೇಲೆ ದೊರೆಯುತ್ತದೆ. ಹೆರಿಗೆ ರಜೆಯನ್ನು ಇತರ ಯಾವುದೇ ಬಗೆಯ ರಜೆಯೊಡನೆ ಸೇರಿಸಿ ಪಡೆಯಬಹುದು. ಅದು ರಜೆಯ ಖಾತೆಯಿಂದ ಕಡಿತವಾಗುವುದಿಲ್ಲ. ಮಗು ಹುಟ್ಟುವಾಗಲೇ ಅಥವಾ ಹುಟ್ಟಿದ ಕೂಡಲೇ ತೀರಿಕೊಂಡ ತಾಯಂದಿರಿಗೆ 60 ದಿನಗಳ ವಿಶೇಷ ರಜೆಯನ್ನು 2022ರ ಸೆಪ್ಟೆಂಬರ್ ತಿಂಗಳ ಆದೇಶ ಕಲ್ಪಿಸಿತು.

ಕಾನೂನಿಗೂ ಒಂದು ಮಿತಿ ಇದೆ. ಅದನ್ನು ಮರೆಮಾಚುವುದು ಸರಿಯಲ್ಲ. ಕಾಯಿಲೆಗಾಗಿ ದೊರೆಯುವ ಪ್ರತ್ಯೇಕ ರಜೆ ಒಂದು ತಿಂಗಳು ಮಾತ್ರ. ಎರಡು ಮೂರು ತಿಂಗಳು ಹಾಸಿಗೆಯಲ್ಲಿಯೇ ಇರಬೇಕಾದವರು ಉಳಿದ ದಿನಗಳಿಗೆ ಸಂಸ್ಥೆಯ ನಿಯಮಗಳಂತೆ ತಮ್ಮ ಖಾತೆಯಲ್ಲಿರುವ ಕಾಯಿಲೆ ರಜೆ, ಗಳಿಕೆ ರಜೆ ಅಥವಾ ವೇತನರಹಿತ ರಜೆಯನ್ನು ಲಿಖಿತವಾಗಿ ಕೋರಿ ಮಂಜೂರು ಮಾಡಿಸಿಕೊಳ್ಳಬೇಕು. ವಜಾದ ವಿರುದ್ಧ ಹೇಳಿದ ರಕ್ಷಣೆಯು ಕಾನೂನಿನಂತೆ ಪಡೆದ ಗೈರುಹಾಜರಿಗೆ ಮಾತ್ರ ಅನ್ವಯಿಸುವುದರಿಂದ, ಅರ್ಜಿಯಿಲ್ಲದೆ ಕಳೆದ ಪ್ರತಿಯೊಂದು ದಿನವೂ ಅಪಾಯಕ್ಕೆ ಎಡೆಮಾಡುತ್ತದೆ. ರಜೆಯಲ್ಲಿರುವಾಗ ಬೇರೆಡೆ ಕೂಲಿಗೆ ದುಡಿದರೆ ಆ ಅವಧಿಯ ಸೌಲಭ್ಯ ಕಳೆದುಹೋಗುತ್ತದೆ ಎಂಬುದನ್ನೂ ನೆನಪಿಡಬೇಕು.

ಹಾಗಾದರೆ ಮಾಡಬೇಕಾದುದೇನು? ಗರ್ಭ ನಿಂತುದು ಖಚಿತವಾದ ಕೂಡಲೇ, ನಿರೀಕ್ಷಿತ ಹೆರಿಗೆಯ ದಿನಾಂಕವಿರುವ ವೈದ್ಯರ ಪತ್ರವನ್ನು ಲಗತ್ತಿಸಿ ಕಚೇರಿಗೆ ಲಿಖಿತವಾಗಿ ತಿಳಿಸಬೇಕು. ಕಾಯಿಲೆ ಬಂದಾಗ ಪಡೆಯುವ ಪ್ರಮಾಣಪತ್ರದಲ್ಲಿ ‘ಅಸ್ವಸ್ಥತೆ’ ಎಂದಷ್ಟೇ ಬರೆಸಿಕೊಂಡರೆ ಸಾಲದು. ಆ ಕಾಯಿಲೆ ಗರ್ಭಧಾರಣೆಯಿಂದ ಉಂಟಾದುದೆಂದೂ, ಎಷ್ಟು ದಿನ ವಿಶ್ರಾಂತಿ ಅಗತ್ಯವೆಂದೂ ಅದರಲ್ಲಿ ಸ್ಪಷ್ಟವಾಗಿರಬೇಕು. ಈ ಒಂದು ವಾಕ್ಯವೇ ಸಾಮಾನ್ಯ ಕಾಯಿಲೆ ರಜೆಯನ್ನು ಕಾನೂನಿನ ವಿಶೇಷ ರಜೆಯಿಂದ ಬೇರ್ಪಡಿಸುತ್ತದೆ. ರಜೆಯ ಅರ್ಜಿಯ ಒಂದು ಪ್ರತಿಯ ಮೇಲೆ ಸ್ವೀಕೃತಿಯ ಸಹಿ ಹಾಕಿಸಿಕೊಳ್ಳಬೇಕು, ಇಲ್ಲವೇ ಅರ್ಜಿಯನ್ನು ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ ರಸೀದಿಯನ್ನು ಕಾಪಾಡಬೇಕು. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವ ವಾಡಿಕೆ ಕನ್ನಡ ಮನೆಗಳಲ್ಲಿ ಇಂದಿಗೂ ಇದೆ. ಹಾಗೆ ಹೋದವರು ಅಲ್ಲಿನ ಆಸ್ಪತ್ರೆಯ ಚೀಟಿಗಳನ್ನು ಕಳೆದುಕೊಳ್ಳದೆ, ಊರಿನ ಅಂಚೆ ಕಚೇರಿಯಿಂದಲೇ ಪ್ರಮಾಣಪತ್ರವನ್ನು ಕಳುಹಿಸಬಹುದು.

ಹೆರಿಗೆ ರಜೆಯ ನೋಟೀಸನ್ನು ಸಕಾಲದಲ್ಲಿ ಕೊಡಲು ಆಗಲಿಲ್ಲವೆಂದು ಎದೆಗುಂದುವ ಕಾರಣವಿಲ್ಲ. ಹೆರಿಗೆಯಾದ ನಂತರವೂ ಅದನ್ನು ಕೊಡಬಹುದು. ಕೊಡಲಿಲ್ಲವೆಂಬ ಕಾರಣದಿಂದಲೇ ಅರ್ಹಳಾದ ಮಹಿಳೆ ಸೌಲಭ್ಯ ಕಳೆದುಕೊಳ್ಳುವುದಿಲ್ಲ. ಹೆರಿಗೆಗೆ ಮುಂಚಿನ ಅವಧಿಯ ಹಣವನ್ನು ಗರ್ಭಧಾರಣೆಯ ರುಜುವಾತು ಕೊಟ್ಟಾಗ ಮುಂಗಡವಾಗಿಯೂ, ಉಳಿದುದನ್ನು ಹೆರಿಗೆಯ ರುಜುವಾತು ಕೊಟ್ಟ 48 ಗಂಟೆಗಳೊಳಗೂ ಕೊಡಬೇಕೆಂಬುದು ಕಾನೂನು.

ಹೊರನಾಡಿನ ಕನ್ನಡಿಗರಿಗೆ ಇನ್ನೊಂದು ತೊಡಕುಂಟು. ಹೆರಿಗೆ ಸೌಲಭ್ಯದ ವಿಧಿಗಳ ಸಾರಾಂಶವನ್ನು ಸ್ಥಳೀಯ ಭಾಷೆಯಲ್ಲಿ ಎಲ್ಲರಿಗೂ ಕಾಣುವ ಕಡೆ ಪ್ರದರ್ಶಿಸಬೇಕೆಂಬುದು ಮಾಲೀಕರ ಕರ್ತವ್ಯ. ಮುಂಬಯಿ, ಪುಣೆಗಳಲ್ಲಿ ಆ ಫಲಕ ಮರಾಠಿಯಲ್ಲಿರುತ್ತದೆ. ಚೆನ್ನೈಯಲ್ಲಿ ತಮಿಳು, ಹೈದರಾಬಾದಿನಲ್ಲಿ ತೆಲುಗು. ಮಾತನಾಡಲು ಕಲಿತಿದ್ದರೂ ಆ ಲಿಪಿಯನ್ನು ಓದಲಾರದ ಕನ್ನಡ ಮಹಿಳೆಗೆ ಗೋಡೆಯ ಮೇಲಿರುವ ಹಕ್ಕು ಕಾಣಿಸದು. ಈ ಕೊರತೆಯನ್ನು ತುಂಬಬಲ್ಲವರು ನೆರೆಹೊರೆಯ ಕನ್ನಡಿಗರು ಮತ್ತು ಅಲ್ಲಲ್ಲಿನ ಕನ್ನಡ ಸಂಘಗಳು. ಸಂಘದ ಒಬ್ಬ ಓದಿದ ಯುವಕನೋ ಯುವತಿಯೋ ಒಂದು ಅರ್ಜಿಯನ್ನು ಮರಾಠಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ ಬರೆದುಕೊಟ್ಟರೆ ಒಂದು ಸಂಸಾರದ ಅನ್ನ ಉಳಿಯುತ್ತದೆ.

ಅರ್ಜಿಗೆ ಮಾಲೀಕರು ಕಿವಿಗೊಡದಿದ್ದರೆ ಕಾರ್ಮಿಕ ಇಲಾಖೆಯ ನಿರೀಕ್ಷಣಾಧಿಕಾರಿಗೆ ದೂರು ಸಲ್ಲಿಸಬಹುದು. ಹಣ ಕೊಡುವಂತೆ ಆದೇಶಿಸುವ ಅಧಿಕಾರ ಅವರಿಗಿದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ, ಆದಾಯ ಎಷ್ಟೇ ಇದ್ದರೂ ಎಲ್ಲ ಮಹಿಳೆಯರೂ ಉಚಿತ ಕಾನೂನು ನೆರವಿಗೆ ಅರ್ಹರು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಯಲ್ಲಿ ಅಥವಾ 15100 ಎಂಬ ದೂರವಾಣಿ ಸಂಖ್ಯೆಯಲ್ಲಿ ಈ ನೆರವನ್ನು ಕೋರಬಹುದು.

ಮತ್ತೆ ಪುಣೆಯ ಆ ಹೆಣ್ಣುಮಗಳ ಕಡೆಗೆ ಬರಬೇಕು. ಆಕೆ ಸಹಿ ಹಾಕದೆ ಮನೆಗೆ ಬಂದಳೆಂದು ತಿಳಿಯೋಣ. ಚಿಕಿತ್ಸೆ ನೀಡಿದ ವೈದ್ಯರಿಂದ, ರಕ್ತದೊತ್ತಡ ಗರ್ಭಧಾರಣೆಯಿಂದ ಉಂಟಾದುದೆಂದೂ ಮೂರು ವಾರ ವಿಶ್ರಾಂತಿ ಅನಿವಾರ್ಯವಾಗಿತ್ತೆಂದೂ ಬರೆಸಿಕೊಂಡು, ಪತಿ ದೂರವಾಣಿ ಮಾಡಿದ ದಿನಾಂಕವನ್ನು ನಮೂದಿಸಿ, ಮರುದಿನವೇ ಅರ್ಜಿಯನ್ನು ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿದರೆ ಆಕೆಯ ಪಕ್ಷ ಬಲವಾಗುತ್ತದೆ. ಮೂರು ವಾರವೆಂದರೆ 21 ದಿನ. ಕಾನೂನು ಕೊಡುವ ಒಂದು ತಿಂಗಳ ಒಳಗೇ ಅದು ಬರುತ್ತದೆ. ಆ ದಿನಗಳ ವೇತನವನ್ನೂ, ಮುಂದಿನ 26 ವಾರಗಳ ಸೌಲಭ್ಯವನ್ನೂ, ತನ್ನ ಮೇಜನ್ನೂ ಕೇಳುವ ಅಧಿಕಾರ ಆಕೆಗೆ ಇದೆ. ಇದು ಯಾರ ಔದಾರ್ಯವೂ ಅಲ್ಲ. ಸಂಸತ್ತು ಅಂಗೀಕರಿಸಿದ ಶಾಸನ.

ಪ್ರತಿ ಮನೆಯ ಗರ್ಭಿಣಿಯೂ ಆರೋಗ್ಯವಂತಳಾಗಿರಲಿ ಎಂಬುದು ಎಲ್ಲರ ಹಾರೈಕೆ. ಅಕಸ್ಮಾತ್ ಕಾಯಿಲೆ ಬಂದರೆ, ಔಷಧದ ಚೀಟಿಯ ಜೊತೆಗೆ ರಜೆಯ ಅರ್ಜಿಯೂ ಅದೇ ದಿನ ಸಿದ್ಧವಾಗಲಿ. ಮೊದಲನೆಯದು ತಾಯಿಯ ಆರೋಗ್ಯವನ್ನು ಕಾಯುತ್ತದೆ, ಎರಡನೆಯದು ಆಕೆಯ ಜೀವನೋಪಾಯವನ್ನು ಕಾಯುತ್ತದೆ.